ಹೊಲದ ಚಿಕ್ಕ ವಿದ್ಯುದುಪಕರಣಗಳೂ ವೋಲ್ಟೇಜಿನ ಮೇರೆಗಳೂ

(ಸಾಯಗಾಂವ ಹೋಬಳಿಯ ಕೃಷಿ ಇನ್‌ಸ್ಪೆಕ್ಟರರು, ಎಲ್.ಎಜಿ., ಬರೆದುದು)

1. ಪೀಠಿಕೆ

ಒಂದು ಹೊಲವನ್ನು ಕೊಳ್ಳುವಾಗ ಅದರ ಎಕರೆ ಗುಂಟೆಗಳನ್ನು ಮಾತ್ರ ಕೇಳಿ ಸುಮ್ಮನಾಗುವ ಜಮೀನುದಾರರು ಯಾರೂ ಇಲ್ಲ. ನಾಲ್ಕು ದಿಕ್ಕಿನ ಮೇರೆಗಳು ಯಾವುವು, ಬಾಂದುಕಲ್ಲುಗಳು ಸ್ವಸ್ಥಾನದಲ್ಲಿವೆಯೇ ಎಂಬುದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಹಣದ ಮಾತನ್ನು ಎತ್ತುವರು. ಆದರೆ ಅದೇ ಮಹನೀಯರು ಪೇಟೆಯಿಂದ ಒಂದು ವಿದ್ಯುದುಪಕರಣವನ್ನು ತಂದಾಗ ಅದರ ಮೇಲೆ ಅಚ್ಚಾಗಿರುವ "12 ವೋಲ್ಟ್" ಎಂಬ ಒಂದೇ ಅಂಕಿಯನ್ನು ನೋಡಿ ತೃಪ್ತರಾಗುವರು. ಆ ಅಂಕಿಗೂ ಮೇಲೊಂದು, ಕೆಳಗೊಂದು ಮೇರೆ ಇರುವುದೆಂಬ ಸಂಗತಿಯು ಉಪಕರಣವು ಕೆಟ್ಟ ಮೇಲಲ್ಲದೆ ತಿಳಿಯುವುದಿಲ್ಲ.

ನಮ್ಮ ನಾಡಿನಲ್ಲಿ 1902ನೆಯ ಇಸವಿಯಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಅದರಿಂದ ಕೆಲಸ ಮಾಡುತ್ತಿದ್ದುವು ಭಾರಿ ಯಂತ್ರಗಳು. ಅವು ಸ್ವಲ್ಪ ಏರಿಳಿತವನ್ನು ತಾಳಿಕೊಳ್ಳಬಲ್ಲವು. ಈಗ ಭಾಲ್ಕಿ, ಔರಾದ, ಬೀದರ ತಾಲ್ಲೂಕುಗಳ ಹೊಲಗಳಲ್ಲಿಯೂ ಕೈಬೆರಳಿನ ಉಗುರಿನಷ್ಟು ಚಿಕ್ಕದಾದ ಚಿಪ್ಪುಗಳು ದುಡಿಯುತ್ತಿವೆ. ಫೋನಿನ ಕರೆಯಿಂದ ಮೋಟಾರನ್ನು ನಡೆಸುವ ಮೊಬೈಲ್ ಸ್ಟಾರ್ಟರು, ಹನಿ ನೀರಾವರಿಯ ವಾಲ್ವುಗಳನ್ನು ತೆರೆದು ಮುಚ್ಚುವ ಟೈಮರು, ಕಾಡುಹಂದಿಯನ್ನು ತಡೆಯುವ ಸೌರಬೇಲಿ, ಧಾನ್ಯವನ್ನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ, ಎಲ್ಇಡಿ ದೀಪ, ಫೋನಿನ ಚಾರ್ಜರು ಇವೇ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಇವುಗಳ ಬೆಲೆಯು ಚಿಕ್ಕದಾದರೂ ಇವು ಕಾಯುವ ಬೆಳೆಯು ಚಿಕ್ಕದಲ್ಲ. ಆದುದರಿಂದ ಗ್ರಾಮದ ಮುಖಂಡರೂ ಜಮೀನುದಾರರೂ ವೋಲ್ಟೇಜಿನ ಮೇರೆಗಳನ್ನು ಅರಿತು ಇತರರಿಗೂ ತಿಳಿಸಬೇಕೆಂಬುದೇ ಈ ಪಾಠದ ಉದ್ದೇಶವು.

2. ಮೇರೆ ಎಂದರೇನು?

ವೋಲ್ಟೇಜೆಂದರೆ ವಿದ್ಯುತ್ತಿನ ಒತ್ತಡ. ಎತ್ತರದ ತೊಟ್ಟಿಯಿಂದ ಕೊಳಾಯಿಗೆ ನೀರು ಬರುವಾಗ ತೊಟ್ಟಿಯ ಎತ್ತರವು ನೀರನ್ನು ಹೇಗೆ ತಳ್ಳುವುದೋ ಹಾಗೆಯೇ ವೋಲ್ಟೇಜು ವಿದ್ಯುತ್ತನ್ನು ತಂತಿಯಲ್ಲಿ ತಳ್ಳುವುದು. ಹರಿಯುವ ಪ್ರಮಾಣವನ್ನು ಆಂಪಿಯರುಗಳಿಂದಲೂ, ತಂತಿಯು ಒಡ್ಡುವ ತಡೆಯನ್ನು ಓಮ್‌ಗಳಿಂದಲೂ ಅಳೆಯುವರು. ಒಂದು ಓಮಿನ ತಡೆಯಲ್ಲಿ ಒಂದು ಆಂಪಿಯರು ಹರಿದರೆ ಒಂದು ವೋಲ್ಟಿನ ಒತ್ತಡವು ಆ ತಡೆಯಲ್ಲಿಯೇ ವ್ಯಯವಾಗುವುದು. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಮುಂದಿನದೆಲ್ಲವೂ ಸುಲಭವಾಗುವುದು.

ಯಾವ ಉಪಕರಣವೂ ಒಂದೇ ಒಂದು ಒತ್ತಡದಲ್ಲಿ ಕೆಲಸ ಮಾಡುವಂತೆ ನಿರ್ಮಿತವಾಗಿರುವುದಿಲ್ಲ. ತಯಾರಕರು ಅದಕ್ಕೆ ಕೆಳಗಣ ಮೇರೆಯನ್ನೂ ಮೇಲಣ ಮೇರೆಯನ್ನೂ ಗೊತ್ತುಮಾಡಿರುವರು. ಕೆಳಗಣ ಮೇರೆಯನ್ನು ದಾಟಿದರೆ ಉಪಕರಣವು ಸಾಮಾನ್ಯವಾಗಿ ಸುಡುವುದಿಲ್ಲ. ಆದರೆ ಕೆಲಸ ತಪ್ಪುವುದು, ಅಥವಾ ಇದಕ್ಕಿಂತ ಅನರ್ಥಕರವಾಗಿ, ಒಮ್ಮೆ ಮಾಡಿ ಒಮ್ಮೆ ಬಿಡುವುದು. ಮೇಲಣ ಮೇರೆಯನ್ನು ದಾಟಿದರೆ ಕೂಡಲೇ ಸುಡುವುದು, ಇಲ್ಲವೇ ಒಳಗೊಳಗೇ ಬಿಸಿಯಾಗಿ ಆಯುಷ್ಯವು ಕಡಿಮೆಯಾಗುವುದು.

ಕೆಲವು ಮೇರೆಗಳು ಹೀಗಿರುವುವು:

(ಅ) ಮನೆಯ ವಿದ್ಯುತ್ತು. 1956ನೆಯ ಇಸವಿಯ ಭಾರತೀಯ ವಿದ್ಯುತ್ ನಿಯಮಾವಳಿಯ 54ನೆಯ ನಿಯಮವು, ಗ್ರಾಹಕನಿಗೆ ಕೊಡುವ ಕೆಳದರ್ಜೆಯ ವೋಲ್ಟೇಜು ಘೋಷಿಸಿದ ಅಂಕಿಗಿಂತ ಶೇಕಡಾ 6ಕ್ಕೆ ಮೀರಿ ಏರಿಳಿಯಕೂಡದೆಂದು ವಿಧಿಸಿತ್ತು. 240 ವೋಲ್ಟಿಗೆ ಈ ಲೆಕ್ಕ ಹಾಕಿದರೆ ಸುಮಾರು 226ರಿಂದ 254 ಆಗುವುದು.

(ಆ) ಫೋನ್ ಚಾರ್ಜರಿನ ಗೋಡೆಯ ಕಡೆ. ಅದರ ಮೇಲೆ "100–240 ವೋಲ್ಟ್" ಎಂದು ಬರೆದಿರುವುದು. ಅಂದರೆ ಈ ಉಪಕರಣವು ಕೆಳಗಡೆಗೆ ಬಹಳ ಉದಾರಿಯು, ಮೇಲ್ಗಡೆಗೆ ಅಷ್ಟಲ್ಲ.

(ಇ) ಯುಎಸ್‌ಬಿ ತಂತಿಯ 5 ವೋಲ್ಟು. ಇದರ ಎರಡನೆಯ ಆವೃತ್ತಿಯ ನಿಬಂಧನೆಯಂತೆ ವಿದ್ಯುತ್ತನ್ನು ಕೊಡುವ ಬಾಯಿಯಲ್ಲಿ 4.75ರಿಂದ 5.25 ವೋಲ್ಟು ಇರತಕ್ಕದ್ದು. ಅಂದರೆ ಅತ್ತ ಇತ್ತ ಶೇಕಡಾ 5 ಮಾತ್ರ. 1960ರ ದಶಕದಲ್ಲಿ ಬಂದ 7400 ಮಾಲೆಯ ಚಿಪ್ಪುಗಳಿಗೂ ಇದೇ ಮೇರೆಯಿದ್ದಿತು.

(ಈ) ಲಿಥಿಯಮ್ ಬ್ಯಾಟರಿ. ಕೈದೀಪ ಮತ್ತು ಫೋನುಗಳಲ್ಲಿರುವ ಸಾಮಾನ್ಯ ಲಿಥಿಯಮ್ ಕೋಶವನ್ನು 4.2 ವೋಲ್ಟಿನವರೆಗೆ ತುಂಬುವರು. ಇಲ್ಲಿ ಬಿಟ್ಟಿರುವ ಅವಕಾಶವು ಶೇಕಡಾ 1ರಷ್ಟು ಮಾತ್ರ. ಈ ಮೇಲಣ ಮೇರೆಯನ್ನು ದಾಟಿಸಿದರೆ ಬೆಂಕಿಯ ಭಯವುಂಟು. ಆದುದರಿಂದ ಬ್ಯಾಟರಿಗೆ ಒಪ್ಪುವ ಚಾರ್ಜರನ್ನಲ್ಲದೆ ಬೇರೊಂದನ್ನು ಹಚ್ಚಲೇಕೂಡದು.

(ಉ) ಸ್ಟಾರ್ಟರಿನ ಕಾಂಟ್ಯಾಕ್ಟರ್ ಸುರುಳಿ. ತನ್ನ ನಿಗದಿಯ ಶೇಕಡಾ 85ರಿಂದ 110ರವರೆಗಿನ ಒತ್ತಡದಲ್ಲಿ ಇದು ಗಟ್ಟಿಯಾಗಿ ಮುಚ್ಚಿಕೊಳ್ಳತಕ್ಕದ್ದು. 415 ವೋಲ್ಟಿನ ಸುರುಳಿಗೆ ಇದು ಸುಮಾರು 353ರಿಂದ 456 ಆಗುವುದು.

ಈ ಐದನ್ನು ಹೋಲಿಸಿ ನೋಡಿದರೆ, ಕೆಲವು ಉಪಕರಣಗಳಿಗೆ ಮೇರೆಯು ಹತ್ತಾರು ಎಕರೆಯ ವಿಸ್ತಾರದ್ದಾಗಿಯೂ ಕೆಲವಕ್ಕೆ ಒಂದು ಬದುವಿನ ಅಗಲದ್ದಾಗಿಯೂ ಇರುವುದು ತಿಳಿಯುವುದು. ತಂತಿಯನ್ನು ಜೋಡಿಸುವ ಮೊದಲು ನಮ್ಮದು ಯಾವುದೆಂದು ತಿಳಿದುಕೊಳ್ಳತಕ್ಕದ್ದು.

3. ತಂತಿಯು ನುಂಗುವ ವೋಲ್ಟು: ಲೇಖಕನ ತಪ್ಪೊಂದು

ಪರರ ತಪ್ಪನ್ನು ಹೇಳುವುದಕ್ಕಿಂತ ನನ್ನದನ್ನೇ ಹೇಳುವುದು ಲೇಸು. ಮಹಾರಾಷ್ಟ್ರದ ಗಡಿಯ ಕಡೆಗಿರುವ ನಮ್ಮ ಸಾಯಗಾಂವ ಹೋಬಳಿಯಲ್ಲಿ ಒಬ್ಬ ಜಮೀನುದಾರರು ಎರಡು ಎಕರೆಗೆ ಟೊಮೇಟೊ ಸಸಿಯನ್ನು ನೆಟ್ಟು ಹನಿ ನೀರಾವರಿಯನ್ನು ಹಾಕಿಸಿದ್ದರು. ಹೊಲದ ಕೊಟ್ಟಿಗೆಯಲ್ಲಿ ಟೈಮರು. ಅಲ್ಲಿಂದ 80 ಮೀಟರು ದೂರದಲ್ಲಿ 12 ವೋಲ್ಟಿನ ವಾಲ್ವು. ಮುಂಜಾನೆ ಐದು ಗಂಟೆಗೆ ವಾಲ್ವು ತಾನಾಗಿ ತೆರೆಯಬೇಕು. ಮೊದಲನೆಯ ದಿನ ತೆರೆಯಲಿಲ್ಲವೆಂದು ಅವರು ನನ್ನನ್ನು ಕರೆಸಿದರು.

ನಾನು ವಾಲ್ವಿನಿಂದ ತಂತಿಯನ್ನು ಬಿಚ್ಚಿ, ಅದರ ತುದಿಗೆ ಮೀಟರನ್ನು ಹಿಡಿದು ನೋಡಿದೆನು. ಸರಿಯಾಗಿ 12 ವೋಲ್ಟು ತೋರಿಸಿತು. "ವಿದ್ಯುತ್ತು ಸರಿಯಾಗಿದೆ, ವಾಲ್ವೇ ಕೆಟ್ಟಿರಬೇಕು, ಬದಲಿಸಿರಿ" ಎಂದು ಹೇಳಿ ಬಂದೆನು. ಅವರು ಪೇಟೆಗೆ ಹೋಗಿ ಹೊಸ ವಾಲ್ವನ್ನು ತಂದು ಹಾಕಿ ಬೇರೆ ಊರಿಗೆ ಹೋದರು. ಹೊಸದೂ ತೆರೆಯಲಿಲ್ಲ. ಅದು ಚೈತ್ರಮಾಸ. ಎಳೆಯ ಸಸಿಗಳು ನಮ್ಮ ಸೀಮೆಯ ಆ ಬಿಸಿಲಿನಲ್ಲಿ ಎಷ್ಟು ದಿನ ತಾಳಿಯಾವು? ಅವರು ಹಿಂದಿರುಗುವಷ್ಟರಲ್ಲಿ ಅರ್ಧಕ್ಕೂ ಮಿಕ್ಕು ಸಸಿಗಳು ಒಣಗಿದ್ದುವು. ನನ್ನನ್ನು ಅವರು ಬೈಯಲಿಲ್ಲ. "ಸಾಹೇಬರೇ, ನೀವು ಮೀಟರು ಹಿಡಿದು ನೋಡಿದಿರಲ್ಲಾ" ಎಂದು ಮಾತ್ರ ಅಂದರು. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಆಗ ಕುಳಿತು ಲೆಕ್ಕ ಹಾಕಿದೆನು. ವಾಲ್ವಿನ ಸುರುಳಿಯ ತಡೆಯು 15 ಓಮ್; 12 ವೋಲ್ಟಿಗೆ ಅದು 0.8 ಆಂಪಿಯರನ್ನು ಎಳೆಯತಕ್ಕದ್ದು. ಅದರ ಕಾಗದದಲ್ಲಿ ಮೇರೆಯನ್ನು ಶೇಕಡಾ 10 ಎಂದು ಕೊಟ್ಟಿದ್ದರು, ಅಂದರೆ 10.8 ವೋಲ್ಟಿಗಿಂತ ಕಡಿಮೆಯಾದರೆ ತೆರೆಯುವ ಭರವಸೆಯಿಲ್ಲ. ಹಾಕಿದ್ದ ತಂತಿಯು 0.75 ಚದರ ಮಿಲಿಮೀಟರಿನ ತಾಮ್ರದ್ದು. ಇದರ ತಡೆಯು ಮೀಟರಿಗೆ ಸುಮಾರು 0.026 ಓಮ್. ದೂರ 80 ಮೀಟರಾದರೂ ವಿದ್ಯುತ್ತು ಹೋಗಿ ಬರಬೇಕಾದುದರಿಂದ ತಂತಿಯ ಉದ್ದವು 160 ಮೀಟರು. ತಡೆಯು ಸುಮಾರು 4.2 ಓಮ್. ವಾಲ್ವಿನ 15 ಓಮಿಗೆ ಇದು ಸೇರಿ 19.2 ಆಯಿತು. ಈ ಲೆಕ್ಕದಂತೆ ವಾಲ್ವಿಗೆ ದೊರೆಯುವುದು ಸುಮಾರು 9.4 ವೋಲ್ಟು ಮಾತ್ರ. ಮಿಕ್ಕ 2.6 ವೋಲ್ಟನ್ನು ತಂತಿಯೇ ನುಂಗುತ್ತಿತ್ತು.

ಹಾಗಾದರೆ ನನ್ನ ಮೀಟರು 12 ತೋರಿಸಿದುದು ಹೇಗೆ? ವಾಲ್ವನ್ನು ಬಿಚ್ಚಿದ್ದರಿಂದ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಲೇ ಇರಲಿಲ್ಲ. ಹರಿವಿಲ್ಲದಲ್ಲಿ ನಷ್ಟವೂ ಇಲ್ಲ. ಕೊಳಾಯಿಯನ್ನು ಮುಚ್ಚಿಟ್ಟು ಒತ್ತಡವನ್ನು ಅಳೆದರೆ ಎಷ್ಟು ಸಣ್ಣ ನಳಿಗೆಯಲ್ಲಿಯೂ ಪೂರ್ಣ ಒತ್ತಡವೇ ತೋರುವುದು. ತೆರೆದಾಗಲೇ ನಳಿಗೆಯ ಯೋಗ್ಯತೆಯು ಬಯಲಾಗುವುದು. ಮೀಟರು ಸುಳ್ಳು ಹೇಳಿರಲಿಲ್ಲ. ನಾನೇ ತಪ್ಪು ಪ್ರಶ್ನೆಯನ್ನು ಕೇಳಿದ್ದೆನು.

ಪರಿಹಾರಗಳು ಎರಡು. ಒಂದನೆಯದು, ದಪ್ಪ ತಂತಿ. 2.5 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ 160 ಮೀಟರಿಗೆ ತಡೆಯು ಸುಮಾರು 1.3 ಓಮ್ ಆಗಿ ವಾಲ್ವಿಗೆ ಸುಮಾರು 11 ವೋಲ್ಟು ಮುಟ್ಟುವುದು. ಎರಡನೆಯದು, 24 ವೋಲ್ಟಿನ ಟೈಮರನ್ನೂ ವಾಲ್ವನ್ನೂ ಬಳಸುವುದು. ಅಷ್ಟೇ ಶಕ್ತಿಯ 24 ವೋಲ್ಟಿನ ವಾಲ್ವು ಅರ್ಧ ಆಂಪಿಯರಿಗಿಂತ ಕಡಿಮೆ ಎಳೆಯುವುದರಿಂದ ಅದೇ ಹಳೆಯ ಸಣ್ಣ ತಂತಿಯಲ್ಲಿಯೂ ಅದಕ್ಕೆ 22.4 ವೋಲ್ಟು ದೊರೆಯುವುದು. ಅದರ ಕೆಳಗಣ ಮೇರೆಯು 21.6. ಅನೇಕ ದೇಶಗಳಲ್ಲಿ ನೀರಾವರಿಯ ವಾಲ್ವುಗಳಿಗೆ 24 ವೋಲ್ಟನ್ನು ಬಳಕೆಗೆ ತಂದಿರುವುದರ ಅನುಕೂಲವು ಇದರಿಂದ ತಿಳಿಯುವುದು. ಆ ಜಮೀನುದಾರರು ದಪ್ಪ ತಂತಿಯನ್ನು ಹಾಕಿಸಿದರು. ಮೊದಲು ತಂದ ವಾಲ್ವು ಕೆಟ್ಟಿರಲೇ ಇಲ್ಲ. ಅದೇ ಈಗಲೂ ನಡೆಯುತ್ತಿದೆ.

4. ಬ್ಯಾಟರಿ ಮತ್ತು ಸೌರಫಲಕ: ಹೆಸರು ಹನ್ನೆರಡು, ನಡತೆ ಬೇರೆ

ತಂತಿಯ ವಿಷಯದಲ್ಲಿ ಕೆಳಗಣ ಮೇರೆಯ ಭಯವಾದರೆ, ಬ್ಯಾಟರಿ ಮತ್ತು ಸೌರಫಲಕಗಳ ವಿಷಯದಲ್ಲಿ ಮೇಲಣ ಮೇರೆಯ ಭಯವೂ ಕೂಡುವುದು. "12 ವೋಲ್ಟಿನ" ಸೀಸದ ಬ್ಯಾಟರಿಯು ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವಾಗ ಸುಮಾರು 12.7 ವೋಲ್ಟು ತೋರುವುದು. ಬರಿದಾದಾಗ 12ಕ್ಕಿಂತ ಕೆಳಗಿಳಿಯುವುದು. ತುಂಬುತ್ತಿರುವಾಗ 14.4ರವರೆಗೆ ಏರುವುದು. ಆದುದರಿಂದ ಬ್ಯಾಟರಿಗೆ ಹಚ್ಚುವ ಉಪಕರಣವು 11ರಿಂದ 15ರವರೆಗಿನ ಒತ್ತಡವನ್ನು ತಾಳುವಂಥದಾಗಿರಬೇಕು. "12 ವೋಲ್ಟ್, ಶೇಕಡಾ 5" ಎಂಬ ಮೇರೆಯ ಉಪಕರಣವನ್ನು ನೇರವಾಗಿ ಬ್ಯಾಟರಿಗೆ ಹಚ್ಚುವುದು ಸರಿಯಲ್ಲ.

ಸೌರಫಲಕದ ಹೆಸರು ಇನ್ನೂ ಮೋಸಗೊಳಿಸುವಂಥದು. "12 ವೋಲ್ಟಿನ ಫಲಕ" ಎಂದರೆ 12 ವೋಲ್ಟಿನ ಬ್ಯಾಟರಿಯನ್ನು ತುಂಬಲು ಯೋಗ್ಯವಾದ ಫಲಕವೆಂದು ಅರ್ಥ. 12 ವೋಲ್ಟು ಕೊಡುವ ಫಲಕವೆಂದಲ್ಲ. ಹೊರೆಯಿಲ್ಲದಾಗ ಬಿಸಿಲಿನಲ್ಲಿ ಅದು 21 ವೋಲ್ಟಿನಷ್ಟನ್ನೂ, ಒಳ್ಳೆಯ ಕೆಲಸ ಮಾಡುವಾಗ 17 ಅಥವಾ 18 ವೋಲ್ಟನ್ನೂ ಕೊಡುವುದು. ಸೌರಬೇಲಿಯ ಬ್ಯಾಟರಿಯು ಹಳತಾಯಿತೆಂದು ಅದನ್ನು ತೆಗೆದಿಟ್ಟು ಫಲಕವನ್ನೇ ಯಂತ್ರಕ್ಕೆ ನೇರವಾಗಿ ಹಚ್ಚಿದರೆ ಯಂತ್ರವು ಸುಡುವ ಸಂಭವವುಂಟು. ನಡುವೆ ಚಾರ್ಜ್ ಕಂಟ್ರೋಲರ್ ಎಂಬ ಕಾವಲುಗಾರನಿರಲೇಬೇಕು. ಅದರಲ್ಲಿ ಮೊದಲು ಬ್ಯಾಟರಿಯನ್ನು ಜೋಡಿಸಿ ಆಮೇಲೆ ಫಲಕವನ್ನು ಜೋಡಿಸುವುದೂ, ಬಿಚ್ಚುವಾಗ ಮೊದಲು ಫಲಕವನ್ನು ಬಿಚ್ಚುವುದೂ ರೂಢಿಯ ಕ್ರಮವು.

ಒತ್ತಡವನ್ನು ಇಳಿಸುವ ಚಿಪ್ಪುಗಳಿಗೂ ಮೇರೆಯಿದೆ. 7805 ಎಂಬ ಪ್ರಸಿದ್ಧವಾದ ಚಿಪ್ಪು 5 ವೋಲ್ಟನ್ನು ಕೊಡುವುದು; ಆದರೆ ಅದಕ್ಕೆ ಒಳಬರುವುದು 7 ವೋಲ್ಟಿಗೆ ಕಡಿಮೆಯಿರಬಾರದು. ಹೆಚ್ಚಾದ ಒತ್ತಡವನ್ನು ಅದು ಶಾಖವಾಗಿ ಕಳೆಯುವುದು. 12 ವೋಲ್ಟನ್ನು ಕೊಟ್ಟು ಅರ್ಧ ಆಂಪಿಯರನ್ನು ಎಳೆದರೆ ಮೂರೂವರೆ ವಾಟಿನ ಶಾಖವು. 18 ವೋಲ್ಟನ್ನು ಕೊಟ್ಟರೆ ಆರೂವರೆ ವಾಟು. ಬೇಸಗೆಯ ಮಧ್ಯಾಹ್ನ, ಕಬ್ಬಿಣದ ಪೆಟ್ಟಿಗೆಯೊಳಗೆ ಈ ಶಾಖವು ಹೋಗುವುದೆಲ್ಲಿಗೆ? ಪೆಟ್ಟಿಗೆಯನ್ನು ನೆರಳಿನಲ್ಲಿಡುವುದು ಸಹ ವೋಲ್ಟೇಜಿನ ಮೇರೆಯನ್ನು ಕಾಯುವ ಒಂದು ಉಪಾಯವೇ ಆಗಿದೆ.

5. ಮೊಬೈಲ್ ಸ್ಟಾರ್ಟರು ಏಕೆ ಮರೆತು ಕುಳಿತುಕೊಳ್ಳುವುದು?

ನಮ್ಮಲ್ಲಿ ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ತಾಸುಗಳು ಮಾತ್ರ ದೊರೆಯುವುದು. ಅದು ರಾತ್ರಿಯ ಪಾಳಿಯಾಗಿಯೂ ಇರಬಹುದು. ಕತ್ತಲೆಯಲ್ಲಿ ಹಾವು ಚೇಳುಗಳ ನಡುವೆ ಬಾವಿಗೆ ಹೋಗುವ ಕಷ್ಟವನ್ನು ಮೊಬೈಲ್ ಸ್ಟಾರ್ಟರು ತಪ್ಪಿಸಿರುವುದು ದೊಡ್ಡ ಉಪಕಾರವೇ ಸರಿ. ಆದರೆ "ಕರೆ ಮಾಡಿದರೆ ಒಮ್ಮೊಮ್ಮೆ ಕೇಳುವುದು, ಒಮ್ಮೊಮ್ಮೆ ಇಲ್ಲ" ಎಂಬ ದೂರು ನನ್ನ ಸಂಚಾರದಲ್ಲಿ ಮೇಲಿಂದ ಮೇಲೆ ಬರುವುದು. ಮೋಟಾರನ್ನು ನಿಲ್ಲಿಸಲು ಕರೆ ಮಾಡಿದಾಗ ಅದು ಕೇಳದಿದ್ದರೆ ನೀರು ಬತ್ತಿದ ಬೋರಿನಲ್ಲಿ ಮೋಟಾರು ಒಣದಾಗಿ ತಿರುಗಿ ಸುಡುವುದು, ಇಲ್ಲವೇ ರೈತನು ಕಡೆಗೆ ಕತ್ತಲೆಯಲ್ಲಿಯೇ ಹೋಗಬೇಕಾಗುವುದು.

ಇದರ ಒಂದು ಕಾರಣವು ಹೀಗಿದೆ. ಇಂಥ ಸ್ಟಾರ್ಟರುಗಳಲ್ಲಿ ಎಸ್ಐಎಮ್800 ಎಂಬ ಜಾತಿಯ ಜಿಎಸ್ಎಮ್ ಹಲಗೆಯುಂಟು. ಇದರ ಮೇರೆಯು 3.4ರಿಂದ 4.4 ವೋಲ್ಟು, ಅಂದರೆ 5 ವೋಲ್ಟನ್ನು ನೇರವಾಗಿ ಕೊಡಲೂಕೂಡದು, 3.3ನ್ನು ಕೊಟ್ಟರೆ ಸಾಲದು. ಸುಮ್ಮನಿರುವಾಗ ಇದಕ್ಕೆ ಬೇಕಾಗುವುದು ಅತ್ಯಲ್ಪ. ಆದರೆ ಗೋಪುರಕ್ಕೆ ಉತ್ತರವನ್ನು ಕಳುಹಿಸುವಾಗ ಸೆಕೆಂಡಿಗೆ ಸುಮಾರು 217 ಸಲದಂತೆ, ಪ್ರತಿ ಸಲವೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು, 2 ಆಂಪಿಯರಿನವರೆಗೂ ಎಳೆಯುವುದು. ತಂತಿ ಮತ್ತು ಸಡಿಲವಾದ ಜೋಡಣೆಗಳ ತಡೆಯು ಕೇವಲ 0.3 ಓಮ್ ಇದ್ದರೂ ಆ ಕ್ಷಣದಲ್ಲಿ 0.6 ವೋಲ್ಟು ಕಳೆಯುವುದು, 4.0 ಇದ್ದುದು 3.4ಕ್ಕೆ, ಅಂದರೆ ಮೇರೆಯ ಕಲ್ಲಿಗೇ ಬಂದು ನಿಲ್ಲುವುದು. ಮತ್ತಿಷ್ಟು ಇಳಿದರೆ ಹಲಗೆಯು ತಾನಾಗಿ ನಿಂತು ಪುನಃ ಮೊದಲಿನಿಂದ ಪ್ರಾರಂಭವಾಗುವುದು. ಆ ವೇಳೆಯಲ್ಲಿ ಮಾಡಿದ ಕರೆಯು ವ್ಯರ್ಥವು.

ಸಾಮಾನ್ಯ ಮೀಟರು ಈ ಕ್ಷಣಿಕವಾದ ಇಳಿತವನ್ನು ಹಿಡಿಯಲಾರದು, ಸರಾಸರಿಯನ್ನೇ ತೋರುವುದು. ಆದುದರಿಂದ ಲಕ್ಷಣಗಳಿಂದ ತಿಳಿಯಬೇಕು. ಫೋನಿಗೆ ಸಂಕೇತವು ಮಂದವಾಗಿರುವ ಹೊಲದಲ್ಲಿ ಹಲಗೆಯು ಹೆಚ್ಚು ಬಲದಿಂದ ಕೂಗಬೇಕಾಗುವುದರಿಂದ ರೋಗವು ಅಲ್ಲಿಯೇ ಹೆಚ್ಚು. ಉತ್ತರ ಕಳುಹಿಸುವಾಗಲೇ ದೀಪವು ಆರಿ ಹೊತ್ತಿದರೆ ಇದೇ ಕಾರಣವೆಂದು ಅನುಮಾನಿಸಬಹುದು. ಆಂಟೆನಾವನ್ನು ಕಬ್ಬಿಣದ ಪೆಟ್ಟಿಗೆಯ ಹೊರಗೆ ಎತ್ತರದಲ್ಲಿಡುವುದು, ಒಳಗಣ ಬ್ಯಾಟರಿಯು ಸೊರಗಿದ್ದರೆ ಬದಲಿಸುವುದು, ಜೋಡಣೆಗಳನ್ನು ತಯಾರಕರ ಮೇಸ್ತ್ರಿಯಿಂದ ಬಿಗಿ ಮಾಡಿಸುವುದು, ಇವಿಷ್ಟರಿಂದಲೇ ಅನೇಕ ಸ್ಟಾರ್ಟರುಗಳು ಸರಿಹೋಗುವುವು.

ಇನ್ನೊಂದು ಕಾರಣವು ಊರಿನವರೆಲ್ಲರೂ ಕೂಡಿ ಮಾಡಿಕೊಳ್ಳುವಂಥದು. ಮೂರು ಫೇಸು ಬಂದ ಕ್ಷಣದಲ್ಲಿ ಒಂದು ಟಿ.ಸಿ.ಯ ಮೇಲಿನ ಆಟೋ ಸ್ಟಾರ್ಟರುಗಳೆಲ್ಲವೂ ಒಟ್ಟಿಗೇ ಮೋಟಾರನ್ನು ಎಬ್ಬಿಸುವುವು. 5 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು ಏಳೂವರೆ ಆಂಪಿಯರನ್ನು ತೆಗೆದುಕೊಂಡರೂ ನೇರವಾಗಿ ಏಳುವಾಗ ಅದರ ಆರರಷ್ಟು, ಅಂದರೆ 45 ಆಂಪಿಯರಿನಷ್ಟನ್ನು ಎಳೆಯುವುದು. ಇಂಥ ಹತ್ತು ಮೋಟಾರುಗಳೆದ್ದರೆ 450 ಆಂಪಿಯರು. 63 ಕೆವಿಎ ಟಿ.ಸಿ.ಯು ನಿರಂತರವಾಗಿ ಕೊಡಬಲ್ಲದ್ದು ಸುಮಾರು 84 ಮಾತ್ರ. ವೋಲ್ಟೇಜು ಕುಸಿದು ಕಾಂಟ್ಯಾಕ್ಟರು 353ರ ಮೇರೆಯ ಕೆಳಗೆ ಬಂದರೆ ಗಟ್ಟಿಯಾಗಿ ಮುಚ್ಚಲಾರದೆ ಕಟಕಟನೆ ಬಡಿದುಕೊಳ್ಳುವುದು. ಮೊದಲ ಸ್ಟಾರ್ಟರಿಗೆ ಹತ್ತು ಸೆಕೆಂಡು, ಎರಡನೆಯದಕ್ಕೆ ಇಪ್ಪತ್ತು, ಮೂರನೆಯದಕ್ಕೆ ಮೂವತ್ತು ಎಂದು ತಡವನ್ನು ಹಂಚಿಕೊಂಡರೆ ಒಂದು ಕಾಸೂ ಖರ್ಚಿಲ್ಲದೆ ಇದು ನಿಲ್ಲುವುದು. ಮೋಟಾರಿಗೆ ತಕ್ಕ ಕೆಪ್ಯಾಸಿಟರನ್ನು ಹಾಕಿಸಿಟ್ಟುಕೊಳ್ಳುವುದರಿಂದಲೂ ವೋಲ್ಟೇಜು ಕೊಂಚ ಎದ್ದು ನಿಲ್ಲುವುದು.

6. ನ್ಯೂಟ್ರಲ್ ತಂತಿಯು ಕಡಿದರೆ

ಈವರೆಗೆ ಹೇಳಿದುದೆಲ್ಲವೂ ಒಬ್ಬೊಬ್ಬರ ಹೊಲಕ್ಕೆ ಸೇರಿದುದು. ಒಂದು ಓಣಿಯ ಉಪಕರಣಗಳೆಲ್ಲವನ್ನೂ ಕ್ಷಣಮಾತ್ರದಲ್ಲಿ ಸುಡುವ ಅಪಾಯವು ಬೇರೊಂದಿದೆ. ಟಿ.ಸಿ.ಯಿಂದ ಮೂರು ಫೇಸಿನ ತಂತಿಗಳೂ ಒಂದು ನ್ಯೂಟ್ರಲ್ ತಂತಿಯೂ ಹೊರಡುವುವು. ಫೇಸಿಗೂ ನ್ಯೂಟ್ರಲಿಗೂ ನಡುವೆ 240 ವೋಲ್ಟು; ಫೇಸಿಗೂ ಫೇಸಿಗೂ ನಡುವೆ 415. ಗಾಳಿಗೋ ತುಕ್ಕಿಗೋ ನ್ಯೂಟ್ರಲಿನ ಜೋಡಣೆಯು ಕಡಿದರೆ ಎರಡು ಫೇಸುಗಳ ಮೇಲಿನ ಮನೆಗಳು ಒಂದರ ಹಿಂದೊಂದು ಸಾಲಾಗಿ 415 ವೋಲ್ಟಿಗೆ ಸಿಕ್ಕಿದಂತಾಗುವುದು. ಉದಾಹರಣೆಗೆ, ಒಂದು ಮನೆಯಲ್ಲಿ 1000 ವಾಟಿನ ನೀರು ಕಾಯಿಸುವ ಕಾಯಿಲು, ಇನ್ನೊಂದರಲ್ಲಿ 100 ವಾಟಿನಷ್ಟು ಚಿಕ್ಕ ಹೊರೆ ಮಾತ್ರ ಇದೆಯೆನ್ನಿರಿ. ಆಗ ಕಾಯಿಲಿಗೆ ಸುಮಾರು 38 ವೋಲ್ಟೂ, ಚಿಕ್ಕ ಹೊರೆಯ ಮನೆಗೆ ಸುಮಾರು 377 ವೋಲ್ಟೂ ಬರುವುವು. ಕಡಿಮೆ ಬಳಸುವವನಿಗೇ ಹೆಚ್ಚಿನ ಪೆಟ್ಟು ಬೀಳುವುದು. ಒಂದು ದೀಪ, ಒಂದು ಚಾರ್ಜರು ಮಾತ್ರ ಇರುವ ಬಡವನ ಮನೆಯೇ ಮೊದಲು ಸುಡುವುದೆಂಬುದನ್ನು ಮುಖಂಡರು ಗಮನಿಸತಕ್ಕದ್ದು.

ಚಾರ್ಜರು ಇದನ್ನು ಏಕೆ ತಾಳಲಾರದು? ಅದರೊಳಗೆ ವಿದ್ಯುತ್ತನ್ನು ಶೇಖರಿಸುವ ಕೆಪ್ಯಾಸಿಟರೆಂಬ ಡಬ್ಬಿಯೊಂದಿದೆ. ಸಾಮಾನ್ಯವಾಗಿ ಅದರ ಮೇರೆಯು 400 ವೋಲ್ಟು. ನಮ್ಮ ಮನೆಯ ವಿದ್ಯುತ್ತಿನ ಅಲೆಯ ತುದಿಯು ಹೇಳುವ ಅಂಕಿಗಿಂತ 1.414ರಷ್ಟು ಎತ್ತರವಾದುದು. 230ಕ್ಕೆ ಡಬ್ಬಿಯಲ್ಲಿ 325 ವೋಲ್ಟು ನಿಲ್ಲುವುದು, 264ಕ್ಕೆ 373, 300ಕ್ಕೆ 424. ಮುನ್ನೂರನ್ನು ಮುಟ್ಟುವಷ್ಟರಲ್ಲಿ ಡಬ್ಬಿಯ ಮೇರೆಯು ದಾಟಿಹೋಯಿತು. 377 ಬಂದರೆ 533! ಡಬ್ಬಿಯು ಸಿಡಿಯುವುದರಲ್ಲಿ ಆಶ್ಚರ್ಯವೇನು?

ಇದರ ಲಕ್ಷಣವು ಒಂದೇ: ಒಂದೇ ಓಣಿಯಲ್ಲಿ ಕೆಲವು ಮನೆಗಳ ದೀಪಗಳು ಪ್ರಖರವಾಗಿ, ಕೆಲವು ಮಂದವಾಗಿ ಉರಿಯುವುದು. ಇದನ್ನು ಕಂಡ ಕೂಡಲೇ ಮನೆಮನೆಯ ಮುಖ್ಯ ಸ್ವಿಚ್ಚನ್ನು ಆರಿಸುವಂತೆ ಕೂಗಿ ಹೇಳತಕ್ಕದ್ದು. ಆಮೇಲೆ 1912 ಎಂಬ ಸಂಖ್ಯೆಗೆ ಕರೆ ಮಾಡಿ ತಿಳಿಸತಕ್ಕದ್ದು. ಯಾವ ಧೈರ್ಯಶಾಲಿಯೂ ಕಂಬವನ್ನು ಹತ್ತಕೂಡದು, ತಂತಿಯನ್ನು ಮುಟ್ಟಕೂಡದು. ಕಡಿದ ನ್ಯೂಟ್ರಲ್ ತಂತಿಯಲ್ಲಿಯೂ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಇರಬಹುದು. ಉಪಕರಣ ಸುಟ್ಟರೆ ಮತ್ತೊಂದನ್ನು ತರಬಹುದು.

7. ಅಳೆದು ನೋಡುವ ಕ್ರಮ

ಪ್ರತಿ ಗ್ರಾಮದಲ್ಲಿಯೂ ಒಂದು ಒಳ್ಳೆಯ ಮಲ್ಟಿಮೀಟರು ಇರತಕ್ಕದ್ದು. ಅದನ್ನು ಬಳಸಬಲ್ಲ ಒಬ್ಬ ತರುಣನೂ ಇರತಕ್ಕದ್ದು. ಮನೆಯ ವಿದ್ಯುತ್ತು ಮತ್ತು ಮೂರು ಫೇಸನ್ನು ಅಳೆಯುವ ಕೆಲಸವನ್ನು ಬಲ್ಲ ವಿದ್ಯುತ್ ಮೇಸ್ತ್ರಿಯೇ ಮಾಡತಕ್ಕದ್ದು. ಬ್ಯಾಟರಿ, ಸೌರಫಲಕ, 12 ವೋಲ್ಟಿನ ತಂತಿಗಳನ್ನು ಜಮೀನುದಾರರು ತಾವೇ ಅಳೆಯಬಹುದು. ಅಳೆಯುವಾಗ ಮೂರು ಸಂಗತಿಗಳನ್ನು ಮರೆಯಬಾರದು.

ಒಂದನೆಯದು, ಉಪಕರಣವಿರುವ ಸ್ಥಳದಲ್ಲಿಯೇ ಅಳೆಯುವುದು. ವಿದ್ಯುತ್ತು ಹೊರಡುವ ಸ್ಥಳದಲ್ಲಲ್ಲ. ಎರಡನೆಯದು, ಉಪಕರಣವು ನಡೆಯುತ್ತಿರುವಾಗ ಅಳೆಯುವುದು, ಬಿಚ್ಚಿಟ್ಟಲ್ಲ. ಹಳೆಯ ತೂಕದ ಅಡಾಪ್ಟರುಗಳು ಹೊರೆಯಿಲ್ಲದಾಗ ಬರೆದಿರುವುದಕ್ಕಿಂತ ಬಹಳ ಹೆಚ್ಚು ವೋಲ್ಟನ್ನು ತೋರುವುದೂ ಉಂಟು. ಆದುದರಿಂದ ಎರಡು ಸ್ಥಿತಿಗಳಲ್ಲಿಯೂ ನೋಡುವುದು ಇನ್ನೂ ಉತ್ತಮ. ಮೂರನೆಯದು, ಅತ್ಯಂತ ಕೆಟ್ಟ ವೇಳೆಯಲ್ಲಿ ಅಳೆಯುವುದು. ಮೋಟಾರುಗಳೆಲ್ಲವೂ ಏಳುವ ಹೊತ್ತು, ಸಂಜೆ ದೀಪ ಹಚ್ಚುವ ಹೊತ್ತು, ಎಲ್ಲರೂ ಮಲಗಿ ಹೊರೆ ಇಳಿದ ನಡುರಾತ್ರಿ, ಇವೇ ಮೇರೆಯನ್ನು ದಾಟುವ ವೇಳೆಗಳು. ಮಳೆಮಾಪಕದ ಅಂಕಿಯನ್ನು ದಿನವೂ ಬರೆದಿಡುವಂತೆ ಏಳು ದಿನ ಈ ಅಂಕಿಗಳನ್ನು ತಾರೀಖು, ವೇಳೆ ಸಹಿತವಾಗಿ ಒಂದು ಪುಸ್ತಕದಲ್ಲಿ ಬರೆದಿಡತಕ್ಕದ್ದು. "ನಮ್ಮೂರಲ್ಲಿ ಕರೆಂಟು ಸರಿಯಿಲ್ಲ" ಎಂಬ ಅರ್ಜಿಗೆ ಉತ್ತರ ಹೇಳುವುದು ಸುಲಭ. ಏಳು ದಿನದ ಅಂಕಿಗಳುಳ್ಳ ಅರ್ಜಿಯನ್ನು ಪಕ್ಕಕ್ಕೆ ಸರಿಸುವುದು ಅಷ್ಟು ಸುಲಭವಲ್ಲ.

8. ಸಾರಾಂಶ

(1) ಉಪಕರಣವನ್ನು ಕೊಳ್ಳುವಾಗ ಅದರ ವೋಲ್ಟನ್ನು ಮಾತ್ರವಲ್ಲದೆ ಕೆಳಗಣ ಮತ್ತು ಮೇಲಣ ಮೇರೆಗಳನ್ನೂ ಕೇಳಿ ಬರೆದುಕೊಳ್ಳತಕ್ಕದ್ದು. ಮೇರೆಯನ್ನು ಹೇಳಲಾರದ ಅಂಗಡಿಯಲ್ಲಿ ಕೊಳ್ಳಬಾರದು.

(2) ದೂರದ ವಾಲ್ವಿಗೆ ದಪ್ಪ ತಂತಿ, ಇಲ್ಲವೇ 24 ವೋಲ್ಟು.

(3) ಸೌರಫಲಕವನ್ನು ಯಾವ ಯಂತ್ರಕ್ಕೂ ಕಾವಲುಗಾರನಿಲ್ಲದೆ ನೇರವಾಗಿ ಹಚ್ಚಬಾರದು.

(4) ಒಂದೇ ಟಿ.ಸಿ.ಯ ಆಟೋ ಸ್ಟಾರ್ಟರುಗಳು ಒಂದೊಂದಾಗಿ ಏಳುವಂತೆ ತಡವನ್ನು ಹಂಚಿಕೊಳ್ಳತಕ್ಕದ್ದು.

(5) ಮನೆಗೆ ವೋಲ್ಟೇಜು ಮೇರೆ ದಾಟಿದರೆ ತಾನಾಗಿ ಕಡಿಯುವ ರಕ್ಷಕವನ್ನು ಹಾಕಿಸುವುದು ಒಳ್ಳೆಯದು. ಮಳೆಗಾಲಕ್ಕೆ ಮೊದಲು ನ್ಯೂಟ್ರಲಿನ ಜೋಡಣೆಗಳನ್ನೂ ಟಿ.ಸಿ.ಯ ಭೂಸಂಪರ್ಕವನ್ನೂ ಪರೀಕ್ಷಿಸುವಂತೆ ಮುಖಂಡರು ಲಿಖಿತವಾಗಿ ಕೇಳತಕ್ಕದ್ದು.

9. ಅಭ್ಯಾಸ

(ಅ) 15 ಓಮಿನ ವಾಲ್ವು ನಿಮ್ಮ ಕೊಟ್ಟಿಗೆಯಿಂದ 40 ಮೀಟರು ದೂರದಲ್ಲಿದೆ. 0.75 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ 12 ವೋಲ್ಟಿನಲ್ಲಿ ಎಷ್ಟು ಮುಟ್ಟುವುದು? ಅದು 10.8ಕ್ಕಿಂತ ಮೇಲೋ ಕೆಳಗೋ? (ಉತ್ತರ: ಸುಮಾರು 10.5 ವೋಲ್ಟು, ಕೆಳಗೆ.)

(ಆ) ನಿಮ್ಮ ಟಿ.ಸಿ.ಯ ಮೇಲೆ ಎಷ್ಟು ಮೋಟಾರುಗಳಿವೆ? ಪ್ರತಿಯೊಂದರ ತಡವೆಷ್ಟು? ಒಂದು ಪಟ್ಟಿಯನ್ನು ಬರೆಯಿರಿ.

(ಇ) ನಿಮ್ಮ ಮನೆಯಲ್ಲಿರುವ ಐದು ಚಿಕ್ಕ ಉಪಕರಣಗಳ ಮೇರೆಗಳನ್ನು ಅವುಗಳ ಬೆನ್ನಿನಲ್ಲಿ ಓದಿ ಬರೆಯಿರಿ. ಮೇರೆಯನ್ನು ಬರೆಯದೆ ಇರುವುದು ಯಾವುದೋ ಅದನ್ನು ವಿಶೇಷವಾಗಿ ಗುರುತಿಸಿರಿ. ಮೊದಲು ಜೋಪಾನ ಮಾಡಬೇಕಾದುದು ಅದನ್ನೇ.